ಆ ಕಪ್ಪು ಪಟ್ಟೆ ಯಾರದು? ಒಂದು ಪೆಪ್ಟೈಡ್‌ ಸಾಕ್ಷಿಯ ಕಥೆ

ಇವತ್ತು ನಾನು ಹೇಳ್ತಿರೋದು ಒಂದು ಪ್ರಶ್ನೆಯ ಚರಿತ್ರೆ. ಲ್ಯಾಬ್‌ನಲ್ಲಿ ಫಿಲ್ಮ್ ಮೇಲೆ ಒಂದು ಕಪ್ಪು ಪಟ್ಟೆ ಮೂಡುತ್ತೆ. ನಾವು ಹುಡುಕ್ತಿದ್ದ ಪ್ರೋಟೀನ್ ಅದೇ ಅಂತ ನಂಬೋದು ಹೇಗೆ?

1911. ನ್ಯೂಯಾರ್ಕ್‌ನ ರಾಕ್‌ಫೆಲರ್ ಸಂಸ್ಥೆಯಲ್ಲಿ ಪೇಟನ್ ರೌಸ್ ಕೋಳಿಯ ಗಡ್ಡೆಯೊಂದನ್ನು ಅರೆದು, ಜೀವಕೋಶವೇ ಉಳಿಯದ ಹಾಗೆ ಸೋಸಿ, ಆ ರಸವನ್ನು ಇನ್ನೊಂದು ಕೋಳಿಗೆ ಚುಚ್ಚಿದರು. ಅದಕ್ಕೂ ಕ್ಯಾನ್ಸರ್ ಬಂತು. ಕಾರಣ ಒಂದು ವೈರಸ್. ಅದರ 'ಸಾರ್ಕ್' ಅನ್ನೋ ಜೀನ್ ತಯಾರಿಸುವ ಪ್ರೋಟೀನನ್ನು 1977ರಲ್ಲಿ ಹಿಡಿದವರು ಜೋನ್ ಬ್ರೂಗ್ ಮತ್ತು ರೇಮಂಡ್ ಎರಿಕ್ಸನ್. ಬಲೆ ಯಾವುದು ಗೊತ್ತಾ? ಇದೇ ವೈರಸ್‌ನಿಂದ ಗಡ್ಡೆ ಬೆಳೆದಿದ್ದ ಮೊಲಗಳ ಸೀರಮ್, ಅದರಲ್ಲಿದ್ದ ಆಂಟಿಬಾಡಿ.

ಮರುವರ್ಷವೇ ಗೊತ್ತಾಯ್ತು, ಸಾರ್ಕ್ ಒಂದು ಕೈನೇಸ್. ಅಂದ್ರೆ ಬೇರೆ ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸೋ ಕಿಣ್ವ. ತಮಾಷೆ ನೋಡಿ, ಆ ಪ್ರಯೋಗದಲ್ಲಿ ಅದು ಫಾಸ್ಫೇಟ್ ಅಂಟಿಸಿದ್ದು ತನ್ನನ್ನು ಹಿಡಿದಿದ್ದ ಆಂಟಿಬಾಡಿಗೇ! ಕಳ್ಳ ಪೊಲೀಸಪ್ಪನ ಅಂಗಿಗೇ ಮಸಿ ಬಳಿದ ಹಾಗೆ.

ಆದರೆ ಮೊಲದ ಸೀರಮ್ ಅಂದ್ರೆ ಸಂತೆ ಇದ್ದ ಹಾಗೆ, ಅದರಲ್ಲಿ ನೂರೆಂಟು ಆಂಟಿಬಾಡಿ. ದಾರಿ ತೋರಿಸಿದ್ದು ಅದೇ ರಾಕ್‌ಫೆಲರ್‌ನ ಬ್ರೂಸ್ ಮೆರಿಫೀಲ್ಡ್. ಪುಟ್ಟ ರಾಳದ ಮಣಿಗಳ ಮೇಲೆ ಅಮೈನೋ ಆಮ್ಲಗಳನ್ನು ಒಂದೊಂದಾಗಿ ಪೋಣಿಸಿ ಪೆಪ್ಟೈಡ್ ಮಾಡೋ ವಿಧಾನವನ್ನು ಅವರು 1963ರಲ್ಲಿ ಪ್ರಕಟಿಸಿದ್ದರು. 1984ರಲ್ಲಿ ನೊಬೆಲ್ ಬಂತು. ಜೀನ್‌ನ ಅಕ್ಷರಮಾಲೆ ಗೊತ್ತಿದ್ರೆ ಸಾಕು, ಪ್ರೋಟೀನ್‌ನ ಒಂದು ತುಣುಕನ್ನಷ್ಟೇ ತಯಾರಿಸಿ ಅದಕ್ಕೆ ಆಂಟಿಬಾಡಿ ಬೆಳೆಸಬಹುದು. 1982ರಲ್ಲಿ ಬಾರ್ಟ್ ಸೆಫ್ಟನ್ ಮತ್ತು ಗರ್ನಾಟ್ ವಾಲ್ಟರ್ ಸಾರ್ಕ್‌ನ ಬಾಲದ ತುದಿಗೆ ಇಂಥದ್ದೇ ಸೀರಮ್ ಮಾಡಿದರು.

ಈ ದಾರಿಯಲ್ಲಿ ಒಂದು ಪರೀಕ್ಷೆಯೂ ಸಿಗುತ್ತೆ. ಅದೇ ಪೆಪ್ಟೈಡನ್ನು ಧಾರಾಳವಾಗಿ ಆಂಟಿಬಾಡಿ ಜೊತೆ ಮೊದಲೇ ಬೆರೆಸಿಬಿಡಿ. ಆಂಟಿಬಾಡಿಯ ಕೈ ತುಂಬಿಹೋಗುತ್ತೆ, ನಿಜವಾದ ಪಟ್ಟೆ ಮಾಯ. ಆಗಲೂ ಉಳಿದ ಪಟ್ಟೆ ಅನುಮಾನದ್ದು. ಫಾಸ್ಫೇಟ್ ಗುರುತಿಸೋ ಆಂಟಿಬಾಡಿಗೆ ಇನ್ನೊಂದು ಹೆಜ್ಜೆ ಇದೆ: ಫಾಸ್ಫೇಟ್ ಇರೋ ಪೆಪ್ಟೈಡ್ ಮಾತ್ರ ಪಟ್ಟೆ ಅಳಿಸಬೇಕು, ಇಲ್ಲದ್ದು ಅಳಿಸಬಾರದು.

ಹಾಗಾದ್ರೆ ಕೇಸ್ ಮುಗೀತಾ? ಇಲ್ಲ. ಸಾರ್ಕ್‌ಗೆ ಫಿನ್, ಯೆಸ್, ಲಿನ್ ಅಂತ ಅಣ್ಣತಮ್ಮಂದಿರಿದ್ದಾರೆ. ಸಾರ್ಕ್‌ನ 416ನೇ ಟೈರೋಸಿನ್ ಸುತ್ತಲಿನ ಸಾಲು ಅವರಲ್ಲೂ ಹೆಚ್ಚುಕಡಿಮೆ ಒಂದೇ, ಮನೆಮಂದಿಗೆಲ್ಲ ಒಂದೇ ಮೂಗು ಇದ್ದ ಹಾಗೆ. ಮೂಗು ನೋಡಿ ಗುರುತಿಸೋ ಆಂಟಿಬಾಡಿ ಎಲ್ಲರನ್ನೂ ಹಿಡಿಯುತ್ತೆ, ಪೆಪ್ಟೈಡ್ ಹಾಕಿದ್ರೆ ಎಲ್ಲರ ಪಟ್ಟೆಯೂ ಹೋಗುತ್ತೆ. ಅಂದ್ರೆ ಈ ಪರೀಕ್ಷೆ 'ಆಂಟಿಬಾಡಿ ಈ ಸಾಲಿಗೇ ಅಂಟಿತು' ಅನ್ನುತ್ತೆ, 'ಇದು ಸಾರ್ಕೇ' ಅನ್ನಲ್ಲ.

2016ರಲ್ಲಿ ಒಂದು ಅಂತರರಾಷ್ಟ್ರೀಯ ತಂಡ ಆಂಟಿಬಾಡಿ ಪರೀಕ್ಷೆಗೆ ಐದು ಕಂಬಗಳನ್ನು ಸೂಚಿಸಿತು. ಜೀನ್ ತೆಗೆದುಹಾಕಿ ಪಟ್ಟೆ ಹೋಗುತ್ತಾ ಅಂತ ನೋಡೋದು ಅದರಲ್ಲೊಂದು. ಪೆಪ್ಟೈಡ್ ತಡೆ ಆ ಐದರಲ್ಲಿಲ್ಲ. ಹಾಗಂತ ಅದು ದಂಡ ಅಲ್ಲ. ಸುಳ್ಳು ಪಟ್ಟೆ ಹಿಡಿಯೋಕೆ ಅದು ಈಗಲೂ ಅಗ್ಗದ, ಚುರುಕಾದ ದಾರಿ. ಕೈನೇಸ್ ತಡೆಯೋ ಕ್ಯಾನ್ಸರ್ ಮಾತ್ರೆಗಳ ಹಿಂದೆ ಇಂಥ ಸಾವಿರಾರು ಪಟ್ಟೆಗಳಿವೆ. ಪಟ್ಟೆ ಸುಳ್ಳಾದ್ರೆ ಅದನ್ನು ನಂಬಿ ನಡೆದ ವರ್ಷಗಟ್ಟಲೆ ಕೆಲಸ ನೀರುಪಾಲು. ಅದಕ್ಕೇ ನನ್ನ ಪ್ರಕಾರ ಒಳ್ಳೆ ವಿಜ್ಞಾನಿ ಒಂದೇ ಸಾಕ್ಷಿಗೆ ತೀರ್ಪು ಕೊಡಲ್ಲ.