ತಿಪ್ಪೆ ಹೋಗಿ ಕಸ ಬಂತು

ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ತಿಪ್ಪೇಸ್ವಾಮಿ, ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರುಗಳಿಗೆ ಕೊರತೆಯಿಲ್ಲ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಮೇಲಿನ ಭಕ್ತಿ ಇದಕ್ಕೆ ಮುಖ್ಯ ಕಾರಣ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕೂಸಿಗೆ ತಿಪ್ಪೆಯ ಹೆಸರಿಟ್ಟರೆ ಮೃತ್ಯುವಿನ ಕಣ್ಣು ಬೀಳದು ಎಂಬ ನಂಬಿಕೆಯೂ ಉಂಟು. ಕಾರಣ ಏನೇ ಇರಲಿ, ಆ ಪದವನ್ನು ಮಗುವಿನ ಹೆಸರಾಗಿ ಕೂಗಲು ಇಲ್ಲಿಯ ಜನ ನಾಚಿಕೊಳ್ಳಲಿಲ್ಲ. ದೀಪಾವಳಿಯಲ್ಲಿ ಹಟ್ಟಿಗೆ, ಹೊಸ್ತಿಲಿಗೆ ದೀಪವಿಡುವಂತೆ ತಿಪ್ಪೆಗೂ ಒಂದು ದೀಪವಿಡುವ ರೂಢಿ ಹಳ್ಳಿಗಳಲ್ಲಿದೆ. ತಿಪ್ಪೆಯೆಂದರೆ ಬಿಸಾಡಿದ್ದರ ರಾಶಿಯಲ್ಲ, ಮುಂದಿನ ಬೆಳೆಗೆಂದು ಕೂಡಿಟ್ಟ ಗೊಬ್ಬರ. ಸಗಣಿ, ಒಲೆಯ ಬೂದಿ, ಕಾಯಿಪಲ್ಯದ ಸಿಪ್ಪೆ, ಅಂಗಳ ಗುಡಿಸಿದ ಸೊಪ್ಪುಸದೆ ಎಲ್ಲವೂ ಅಲ್ಲಿ ಕೊಳೆತು, ಮುಂಗಾರಿಗೆ ಮುಂಚೆ ಗಾಡಿಯೇರಿ ಹೊಲ ಸೇರುತ್ತಿದ್ದವು.

ಅದೇ ಸೀಮೆಯ ನಗರದಲ್ಲಿ ಇಂದು ಬೆಳಗಾದರೆ ಪಾಲಿಕೆಯ ಗಾಡಿ ಬಾಗಿಲಿಗೆ ಬರಬೇಕು. ಎರಡು ದಿನ ಬಾರದಿದ್ದರೆ ಓಣಿ ನಾರುತ್ತದೆ. ತಿಪ್ಪೆ ಹೋಗಿ ಕಸ ಬಂದದ್ದು ಹೇಗೆ? ಇದರ ಉತ್ತರ ಹುಡುಕುತ್ತ ಹೋದರೆ ಮನೆಯ ಕಸವನ್ನು ಕಡಿಮೆ ಮಾಡುವ ದಾರಿಯೂ ಕಾಣಿಸೀತು.

ಮುಂದಿನ ಮನೆ ಗೊತ್ತಿತ್ತು

ದಾವಣಗೆರೆ ಹದಿನೆಂಟನೆಯ ಶತಮಾನದಿಂದಲೂ ವ್ಯಾಪಾರದ ಊರು. ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ಇದನ್ನು ಹೈದರಾಲಿಯು ಮರಾಠಾ ಸರದಾರ ಅಪ್ಪಾಜಿರಾಮನಿಗೆ ಜಹಗೀರಾಗಿ ಕೊಟ್ಟ. ಆತ ವರ್ತಕರನ್ನು ಕರೆಸಿ ಪೇಟೆ ಕಟ್ಟಿಸಿದ. ಸುತ್ತಲ ಹಳ್ಳಿಗಳ ಕಂಬಳಿಗೆ ಒಳ್ಳೆಯ ಹೆಸರಿತ್ತು. 1870ರಲ್ಲಿ ಪುರಸಭೆ ಬಂತು. 1930ರ ದಶಕದಿಂದ ಹತ್ತಿ ಗಿರಣಿಗಳು ತಲೆಯೆತ್ತಿ ಊರಿಗೆ ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂಬ ಬಿರುದು ತಂದವು. ಸುಮಾರು 14 ಕಿಲೋಮೀಟರ್ ದೂರದ ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆ ಸ್ಥಾಪನೆಯಾಗಿ, ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಕಾರ್ಖಾನೆಗಳನ್ನು ಸೇರಿದವು.

ಆ ಗಿರಣಿಗಳ, ಆ ಕಾರ್ಖಾನೆಯ ವೈಭವ ಇಂದು ಉಳಿದಿಲ್ಲ. ಆದರೆ ಅಂಥ ಉದ್ಯಮಗಳ ಒಂದು ಗುಣವನ್ನು ಇಲ್ಲಿ ನೆನೆಯಬೇಕು. ಹತ್ತಿ ಬಿಡಿಸಿದಾಗ ಉಳಿದ ಕಾಳು ಗಾಣಕ್ಕೆ ಹೋಗುತ್ತದೆ, ಅದರ ಹಿಂಡಿ ಎಮ್ಮೆಯ ಬಾನಿಗೆ. ನೂಲುವಾಗ ಉದುರಿದ ಚೂರುಪಾರು ಯಂತ್ರದ ಎಣ್ಣೆ ಒರೆಸಲು ಬರುತ್ತದೆ. ಲೇತಿನಿಂದ ಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆ ಮತ್ತೆ ಕುಲುಮೆ ಸೇರುತ್ತದೆ. ಬೆಲೆ ಇರುವುದನ್ನು ಯಾರೂ ಚರಂಡಿಗೆ ಸುರಿಯುವುದಿಲ್ಲ.

ಮನೆಯಲ್ಲೂ ಇದೇ ನಡೆ ಇತ್ತು. ಹತ್ತಿ ಸೀರೆ ಹಳತಾದರೆ ತೊಟ್ಟಿಲ ಬಟ್ಟೆಯಾಗುತ್ತಿತ್ತು. ಇನ್ನಷ್ಟು ಸವೆದರೆ ನಾಲ್ಕಾರು ಪದರ ಸೇರಿಸಿ ಕೌದಿ ಹೊಲಿಯುತ್ತಿದ್ದರು. ಕೌದಿಗೂ ಬಾರದ ಚಿಂದಿ ದೀಪದ ಬತ್ತಿಯಾಗಿ, ನೆಲ ಒರೆಸುವ ಅರಿವೆಯಾಗಿ ಕೊನೆಗೆ ತಿಪ್ಪೆ ಸೇರುತ್ತಿತ್ತು. ಊಟಕ್ಕೆ ಮುತ್ತುಗದ ಎಲೆ, ದಿನಸಿಗೆ ಹಳೆಯ ಪತ್ರಿಕೆಯ ಪೊಟ್ಟಣ, ಎಣ್ಣೆಗೆ ಮನೆಯಿಂದಲೇ ಒಯ್ದ ಸೀಸೆ. ಹಿತ್ತಾಳೆ ಪಾತ್ರೆ ಮಂಕಾದರೆ ಕಲಾಯಿಯವನು ಬೀದಿಗೆ ಬರುತ್ತಿದ್ದ. ವಸ್ತುವೊಂದು ಹೊಸ್ತಿಲು ದಾಟಿ ಒಳಗೆ ಬರುವಾಗಲೇ ಅದರ ಮುಂದಿನ ಮನೆ ಯಾವುದೆಂದು ಗೊತ್ತಿರುತ್ತಿತ್ತು. ಇದಕ್ಕೆ ಬಡತನವೂ ಕಾರಣವೆನ್ನುವುದು ನಿಜ. ಆದರೆ ಬಡತನವೊಂದೇ ಕಾರಣವಲ್ಲ, ಉಳ್ಳವರ ಮನೆಗಳಲ್ಲೂ ಕೌದಿ ಇತ್ತು.

ಮಂಡಕ್ಕಿ ಭಟ್ಟಿಯ ಪಾಠ

ಈ ಸರಪಳಿ ಹೇಗೆ ಕಡಿಯುತ್ತದೆ ಎಂಬುದಕ್ಕೆ ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಭದ್ರಾ ನಾಲೆಯ ನೀರು ಬಂದ ಮೇಲೆ ಸುತ್ತಲ ಬಯಲು ಭತ್ತದ ಗದ್ದೆಯಾಯಿತು. ಭತ್ತದ ಒಳಗಿನ ಕಾಳು ಮಂಡಕ್ಕಿಯಾದರೆ ಹೊರಗಿನ ಹೊಟ್ಟು ಅದೇ ಮಂಡಕ್ಕಿ ಹುರಿಯುವ ಒಲೆಗೆ ಉರುವಲು. ಬೂದಿ ಪಾತ್ರೆ ಬೆಳಗಲು, ಗದ್ದೆಗೆ ಚೆಲ್ಲಲು. ಇಷ್ಟು ಅಚ್ಚುಕಟ್ಟಾದ ಏರ್ಪಾಡಿಗೆ ಒಂದು ದಿನ ಹಳೆಯ ಟೈರು ಹೊಕ್ಕಿತು. ಅಗ್ಗ, ಬೇಗ ಹತ್ತಿಕೊಳ್ಳುತ್ತದೆ, ಕಾವೂ ಹೆಚ್ಚು. ಆದರೆ ಅದರ ಕರಿಹೊಗೆ ಭಟ್ಟಿಯ ಕೆಲಸಗಾರರ, ನೆರೆಮನೆಯ ಮಕ್ಕಳ ಎದೆಗೆ ಹೋಯಿತು. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿಯ ರಾಷ್ಟ್ರೀಯ ಕಾರ್ಯಕ್ರಮ ಆರಂಭಿಸಿದಾಗ, ಗಾಳಿಯ ಗುಣಮಟ್ಟ ಮುಟ್ಟದ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿಯ ಜೊತೆಗೆ ದಾವಣಗೆರೆಯ ಹೆಸರೂ ಇತ್ತು. ರಸ್ತೆಯ ದೂಳು, ವಾಹನಗಳ ಹೊಗೆಯ ಪಾಲೂ ಅದರಲ್ಲಿತ್ತು ಎನ್ನುವುದನ್ನು ಮರೆಯುವಂತಿಲ್ಲ. ಹಾಗಿದ್ದರೂ ಪಾಠ ಸ್ಪಷ್ಟವಾಗಿದೆ. ಬೇರೆಯವರು ಬಿಸಾಡಿದ್ದನ್ನು ಉರಿಸಿದ ಮಾತ್ರಕ್ಕೆ ಅದು ಮರುಬಳಕೆಯಾಗುವುದಿಲ್ಲ. ಮೂಲೆಯಲ್ಲಿ ಪ್ಲಾಸ್ಟಿಕ್ ಗುಡ್ಡೆ ಹಾಕಿ ಬೆಂಕಿಯಿಡುವ ನಮ್ಮ ಓಣಿಗಳಿಗೂ ಈ ಮಾತು ಸಲ್ಲುತ್ತದೆ.

ಪೊಟ್ಟಣದ ಕಾಲ

ಮನೆಯ ಮಟ್ಟದಲ್ಲಿ ದೊಡ್ಡ ಬದಲಾವಣೆ ಬಂದದ್ದು 1980ರ ದಶಕದಿಂದೀಚೆಗೆ. ತಮಿಳುನಾಡಿನ ಕಡಲೂರಿನಲ್ಲಿ ಹುಟ್ಟಿದ ಶಾಂಪೂ ಪೊಟ್ಟಣ ದೇಶದ ಸಣ್ಣ ಅಂಗಡಿಗಳಿಗೂ ತಲುಪಿತು. ಅದರ ಹಿಂದೆಯೇ ಗುಟ್ಕಾ, ಕಾಫಿಪುಡಿ, ಉಪ್ಪಿನಕಾಯಿಯ ಪೊಟ್ಟಣಗಳು ಬಂದವು. ಮನೆಗೆ ತಂದು ಅಳೆದು ಹಾಕುತ್ತಿದ್ದ ಹಾಲು ಪ್ಯಾಕೆಟ್ಟಿಗೆ ಇಳಿಯಿತು. ಇವುಗಳಿಂದ ಉಪಕಾರವಾಗಿಲ್ಲವೆಂದಲ್ಲ. ಕಲಬೆರಕೆ ಕಡಿಮೆಯಾಯಿತು, ಕೂಲಿಯವನ ಕೈಗೂ ಒಂದು ರೂಪಾಯಿಗೆ ಶಾಂಪೂ ಸಿಕ್ಕಿತು. ಆದರೆ ಈ ಪೊಟ್ಟಣಕ್ಕೆ ಮುಂದಿನ ಮನೆಯೇ ಇರಲಿಲ್ಲ. ಹಾಲಿನ ಪ್ಯಾಕೆಟ್ಟನ್ನು ಗುಜರಿಯವನು ಕೊಳ್ಳುತ್ತಾನೆ. ಹಲವು ಪದರಗಳನ್ನು ಅಂಟಿಸಿದ ಮಿರುಗುವ ಪೊಟ್ಟಣವನ್ನು ಅವನೂ ಮುಟ್ಟುವುದಿಲ್ಲ. ದನ ತಿಂದರೆ ಹೊಟ್ಟೆ ಕಟ್ಟಿ ಸಾಯುತ್ತದೆ, ತಿಪ್ಪೆಗೆ ಬಿದ್ದರೆ ಗೊಬ್ಬರ ಕೆಡುತ್ತದೆ. ನಗರದಲ್ಲಿ ತಿಪ್ಪೆಯೇ ಇಲ್ಲವಾದ್ದರಿಂದ ಅದು ನೇರ ಚರಂಡಿಗೆ.

ಕಾನೂನು ಸುಮ್ಮನಿರಲಿಲ್ಲ. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ದೇಶಕ್ಕೆ 2000ದ ಪೌರ ಘನತ್ಯಾಜ್ಯ ನಿಯಮಗಳನ್ನು ತಂದಿತು. 2016ರ ನಿಯಮಗಳು ಹಸಿಕಸ, ಒಣಕಸ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದವು. ಅದೇ ವರ್ಷದ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್‌ಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಹಲವು ವಸ್ತುಗಳಿಗೆ ದೇಶದಾದ್ಯಂತ ನಿಷೇಧ ಬಂತು. ಆದರೂ ಸಂತೆಯಲ್ಲಿ ಬರಿಗೈಯಲ್ಲಿ ನಿಂತವನಿಗೆ ಚೀಲ ಕೊಡದ ವ್ಯಾಪಾರಿಯನ್ನು ಹುಡುಕಬೇಕು.

ಕೊನೆಯ ಕೈ ಯಾರದು?

ಹಳೆಯದನ್ನೆಲ್ಲ ಹೊಗಳುವ ಮೊದಲು ಒಂದು ಕಹಿಮಾತನ್ನೂ ಹೇಳಬೇಕು. ಪೇಟೆಯ ಮನೆಗಳು ಚೊಕ್ಕಟವಾಗಿದ್ದುದರ ಹಿಂದೆ, ಇನ್ನೊಬ್ಬರ ಹೊಲಸನ್ನು ತಲೆಯ ಮೇಲೆ ಹೊತ್ತ ಜನರಿದ್ದರು. ಆ ಕೆಲಸ ಜಾತಿಯ ಹಣೆಬರಹವಾಗಿತ್ತು. 1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ಹರಿಹರದವರೇ. ಅವರೆಲ್ಲ ಎತ್ತಿದ ಪ್ರಶ್ನೆ ಮುಗಿದುಹೋದ ಪ್ರಶ್ನೆಯಲ್ಲ. ಅನ್ನ, ಒಡೆದ ಗಾಜು, ಮುಟ್ಟಿನ ಪ್ಯಾಡು, ಮಗುವಿನ ಡೈಪರು ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಗಂಟುಹಾಕಿದರೆ ಅದನ್ನು ಬಿಚ್ಚುವುದು ಯಂತ್ರವಲ್ಲ, ಪೌರಕಾರ್ಮಿಕರ ಕೈ. ಕಸ ಬೇರ್ಪಡಿಸುವುದು ಬರೀ ಪರಿಸರದ ಮಾತಲ್ಲ, ಮನುಷ್ಯರ ಮರ್ಯಾದೆಯ ಮಾತು.

ನದಿಯೂ ಈ ಲೆಕ್ಕದಲ್ಲಿದೆ. ದಾವಣಗೆರೆ ಕುಡಿಯುವುದು ಕುಂದವಾಡ ಕೆರೆಯಲ್ಲಿ ತುಂಬಿಸಿಟ್ಟ ಭದ್ರಾ ನಾಲೆಯ ನೀರನ್ನು, ಹರಿಹರದ ಬಳಿ ರಾಜನಹಳ್ಳಿಯಲ್ಲಿ ಎತ್ತಿದ ತುಂಗಭದ್ರೆಯ ನೀರನ್ನು. ಹರಿಹರದ ದಡದಲ್ಲಿ ಹೊಳೆಗೆ ಬಿಟ್ಟದ್ದು ಕೆಳಗಿನ ಊರುಗಳನ್ನು ಹಾದು ಹೊಸಪೇಟೆಯ ಜಲಾಶಯದ ಕಡೆಗೆ ಸಾಗುತ್ತದೆ. ನಮ್ಮ ಮೇಲಿನ ಊರಿನವರು ಹೇಗಿರಬೇಕೆಂದು ಬಯಸುತ್ತೇವೋ ಕೆಳಗಿನ ಊರಿನವರಿಗೆ ನಾವು ಹಾಗಿರಬೇಕಲ್ಲವೇ?

ಅಡುಗೆಮನೆಯಿಂದ ಆರಂಭ

ಒಂದು ಸಣ್ಣ ಲೆಕ್ಕ ನೋಡಿ. 2011ರ ಜನಗಣತಿಯಂತೆ ದಾವಣಗೆರೆ ನಗರದ ಜನಸಂಖ್ಯೆ ಸುಮಾರು 4.35 ಲಕ್ಷ. ಮನೆಗೆ ಐವರಂತೆ ಹಿಡಿದರೆ 87 ಸಾವಿರ ಮನೆಗಳು. ಮನೆಗೊಂದರಂತೆ ದಿನಕ್ಕೆ ಒಂದೇ ಪ್ಲಾಸ್ಟಿಕ್ ಚೀಲ ಬಂದರೂ ವರ್ಷಕ್ಕೆ 3 ಕೋಟಿ 17 ಲಕ್ಷ ಚೀಲಗಳಾದವು. ಬಾಗಿಲ ಮೊಳೆಗೊಂದು ಬಟ್ಟೆಚೀಲ ತೂಗುಹಾಕುವ ಅಭ್ಯಾಸದಿಂದ ತಪ್ಪುವ ಕಸ ಇಷ್ಟು.

ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಹಸಿಕಸದ್ದು. ಅಂಗಳವಿಲ್ಲದವರೂ ತೂತು ಕೊರೆದ ಎರಡು ಮಡಕೆಗಳಲ್ಲಿ ಅದನ್ನು ಗೊಬ್ಬರ ಮಾಡಬಹುದು. ಸಿಪ್ಪೆಯ ಮೇಲೆ ಒಂದು ಹಿಡಿ ಒಣ ಎಲೆ ಅಥವಾ ತೆಂಗಿನ ನಾರಿನ ಪುಡಿ ಉದುರಿಸುತ್ತ, ವಾರಕ್ಕೊಮ್ಮೆ ಕೈಯಾಡಿಸಬೇಕು. ಒಂದು ಮಡಕೆ ತುಂಬಿದಾಗ ಮುಚ್ಚಿಟ್ಟು ಇನ್ನೊಂದಕ್ಕೆ ಹಾಕುತ್ತ ಬಂದರೆ ಎರಡು-ಮೂರು ತಿಂಗಳಲ್ಲಿ ಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿದ್ಧ. ನಾತ ಬಂದರೆ ನೀರಂಶ ಹೆಚ್ಚಾಗಿದೆಯೆಂದು ತಿಳಿದು ಇನ್ನಷ್ಟು ಒಣ ಎಲೆ ಹಾಕಿದರಾಯಿತು. ಇದೇ ನಗರದ ತಿಪ್ಪೆ.

ಬೆಣ್ಣೆದೋಸೆಯನ್ನು ಮನೆಗೆ ಒಯ್ಯುವವರು ಸ್ಟೀಲ್ ಡಬ್ಬಿ ಹಿಡಿದು ಹೋದರೆ ಪ್ಲಾಸ್ಟಿಕ್ ಹಾಳೆಯ ಮೇಲೆ ಬಿಸಿ ಬೆಣ್ಣೆ ಕರಗುವುದೂ ತಪ್ಪುತ್ತದೆ. ಮದುವೆಯಲ್ಲಿ ಬಾಳೆ ಎಲೆಯ ಪಕ್ಕಕ್ಕೆ ಸಣ್ಣ ನೀರಿನ ಬಾಟಲಿಯ ಬದಲು ಸ್ಟೀಲ್ ಲೋಟವಿಡಬಹುದು. ಕಾಗದದ ಲೋಟದ ಒಳಮೈಗೂ ಸಾಮಾನ್ಯವಾಗಿ ಪ್ಲಾಸ್ಟಿಕ್ ಲೇಪವಿರುತ್ತದೆ ಎಂಬುದು ತಿಳಿದಿರಲಿ. ಹಾಲಿನ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೂಡಿಟ್ಟರೆ ಗುಜರಿಗೆ ಹೋಗುತ್ತದೆ. ಅದರ ಮೂಲೆಯನ್ನು ಪೂರ್ತಿ ಕತ್ತರಿಸಿ ಬಿಸಾಡದೆ ಚೂರು ಅಂಟಿಕೊಂಡಿರುವಂತೆ ಸೀಳಿದರೆ ಆ ತುಣುಕು ಚರಂಡಿ ಸೇರುವುದಿಲ್ಲ.

ಇವುಗಳಲ್ಲಿ ಯಾವುದಕ್ಕೂ ಹೊಸ ಯಂತ್ರ ಬೇಡ, ಹೆಚ್ಚು ದುಡ್ಡೂ ಬೇಡ. ಪೊಟ್ಟಣ ತಯಾರಿಸುವ ಕಂಪನಿಗಳ ಹೊಣೆ, ಪಾಲಿಕೆಯ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಬೇರ್ಪಡಿಸಿ ಕೊಟ್ಟ ಕಸವನ್ನು ಗಾಡಿಯಲ್ಲಿ ಮತ್ತೆ ಬೆರೆಸಿದರೆ ಕೇಳುವ ಹಕ್ಕು ನಮಗಿದೆ. ಬೇರ್ಪಡಿಸಿ ಕೊಟ್ಟವರಿಗೇ ಆ ಹಕ್ಕು ಗಟ್ಟಿ. ಉಳಿದಂತೆ, ಅಂಗಡಿಯಲ್ಲಿ ಒಂದು ವಸ್ತುವಿಗೆ ಕೈಹಾಕುವ ಮುಂಚೆ ನಮ್ಮ ಹಿರಿಯರು ಕೇಳದೆಯೇ ತಿಳಿದಿದ್ದ ಪ್ರಶ್ನೆಯನ್ನು ನಾವು ಕೇಳಿಕೊಂಡರೆ ಸಾಕು: ನಮ್ಮ ಮನೆಯಿಂದ ಹೊರಟ ಮೇಲೆ ಇದು ಯಾರ ಮನೆಗೆ ಹೋಗುತ್ತದೆ?