ಅಡುಗೆಮನೆ ಬಾಗಿಲಿಗೊಂದು ಪಡದಾ

ಪರದೆ ಕೊಳ್ಳೋದು ಅರ್ಧ ದಿನದ ಕೆಲಸ ಅಂದ್ಕೊಂಡಿದ್ದೆ. ಮೂರು ವಾರ ಹಿಡೀತು. ನಡುವೆ ಎರಡು ದಿನ ಅವ್ವನ ಜೊತೆ ಮಾತು ಬಿಟ್ಟದ್ದೂ ಆಯ್ತು.

ಅಪ್ಪ ಹೋದ ಮೇಲೆ ಅವ್ವ ಕಮಲಾಪುರದ ಮನೆಗೆ ಬೀಗ ಹಾಕಿ ಕಲಬುರಗಿಗೆ ಬಂದಳು. ಜಗತ್ ಸರ್ಕಲ್‌ನಿಂದ ನಡೆದು ಹೋಗುವಷ್ಟು ದೂರದಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟು. ನಾನು ಬೆಂಗಳೂರಿನಿಂದ ಲ್ಯಾಪ್‌ಟಾಪ್ ಸಮೇತ ಬಂದು, ಹಗಲು ಆಫೀಸು, ಸಂಜೆ ಮನೆ ಜೋಡಿಸೋದು ಅಂತ ಕೂತೆ. ಹಾಲ್‌ಗೆ ಪಶ್ಚಿಮದ ಕಡೆ ಗೋಡೆ ತುಂಬ ಒಂದು ಗಾಜಿನ ಸ್ಲೈಡಿಂಗ್ ಕಿಟಕಿ. ಮುಂಬಾಗಿಲು ತೆಗೆದರೆ ಸೋಫಾ, ಸೋಫಾದ ಹಿಂದೆ ನೇರ ಅಡುಗೆಮನೆ, ಅದಕ್ಕೆ ಚೌಕಟ್ಟು ಮಾತ್ರ ಇದೆ, ಬಾಗಿಲು ಇಲ್ಲ. ನನ್ನ ಫೋನಿನಲ್ಲಿ ನಲವತ್ತು ಫೋಟೊ ಸೇವ್ ಆಗಿದ್ದವು: ನೆಲ ಮುಟ್ಟುವ ಲಿನನ್, ತಿಳಿ ಬೂದು, ಹಿತ್ತಾಳೆ ರಾಡು. ಅವ್ವ ಒಂದನ್ನೂ ಸರಿಯಾಗಿ ನೋಡಲಿಲ್ಲ.

"ಕಿಟಕಿಗಿ ನಿಂಗ ಬೇಕಾದ್ದು ಹಾಕು. ನನಗ ಅಡಗಿಮನಿ ಬಾಗ್ಲಿಗಿ ಒಂದ್ ಪಡದಾ ಬೇಕು."

ನಾನು ಬಾಯಿ ತಪ್ಪಿ ಅಂದುಬಿಟ್ಟೆ: "ಇನ್ನೂ ಪಡದಾ ಹಿಂದ ನಿಲ್ಲೂ ಕಾಲ ಏನವ್ವ ಇದು?" ಅವಳು ಉತ್ತರ ಕೊಡದೆ ಎದ್ದು ಹೋದಳು. ಮಾತು ಬಿಟ್ಟ ಎರಡು ದಿನ ಅವೇ. ಆ ಸಿಟ್ಟಿನಲ್ಲೇ ನಾನು ಪರದೆಯ ಚರಿತ್ರೆ ಹುಡುಕೋಕೆ ಶುರು ಮಾಡಿದ್ದು. ವಾದ ಗೆಲ್ಲೋಕೆ, ಬೇರೆ ಘನ ಉದ್ದೇಶ ಏನೂ ಇರಲಿಲ್ಲ.

ಮೊದಲು ಸಿಕ್ಕಿದ್ದು ಪದ. 'ಪರದೆ' ಫಾರ್ಸಿಯಿಂದ ಬಂದದ್ದು. ಮರಾಠಿ ಬಾಯಲ್ಲಿ, ನಮ್ಮ ಭಾಗದ ಬಾಯಲ್ಲಿ ಅದೇ ಪಡದಾ. ಕಲಬುರಗಿ 1347ರಲ್ಲಿ ಬಹಮನಿ ಸುಲ್ತಾನರ ರಾಜಧಾನಿಯಾದ ಊರು, ಫಾರ್ಸಿ ಇಲ್ಲಿ ದರ್ಬಾರಿನ ಭಾಷೆ. ಸುಲ್ತಾನರ ನಂತರವೂ ನಿಜಾಮರ ಕಾಲದವರೆಗೆ ಕಚೇರಿಯಲ್ಲಿ ಫಾರ್ಸಿ, ಆಮೇಲೆ ಉರ್ದು ನಡೆಯಿತು. ಹಾಗಾಗಿ ನಮ್ಮ ಮನೆಯ ಅರ್ಧ ಪದಗಳು ಅದೇ ದಾರಿಯಲ್ಲಿ ಬಂದವು. ದೊಡ್ಡ ಮನೆಗಳಲ್ಲಿ ಬಂದವರನ್ನು ಕೂಡಿಸುವ ಕೋಣೆಗೆ ದಿವಾನಖಾನೆ ಅಂತಿದ್ದರು. ಈಗ ನಾವು ಹಾಲ್ ಅನ್ನೋದು ಅದನ್ನೇ.

ಪದ ಬರುವ ಮೊದಲು ವಸ್ತುವೇ ಇರಲಿಲ್ಲ ಅಂತಲ್ಲ. ಕನ್ನಡದಲ್ಲಿ ತೆರೆ ಇತ್ತು, ಸಂಸ್ಕೃತದಿಂದ ಬಂದ ಜವನಿಕೆ ಇತ್ತು. ಜವನಿಕೆ ಅನ್ನೋದು ಯವನರಿಂದ, ಅಂದರೆ ಗ್ರೀಕರಿಂದ ಬಂದ ಪದವೇ ಅಲ್ಲವೇ ಅಂತ ವಿದ್ವಾಂಸರು ಇನ್ನೂ ಜಗಳ ಆಡ್ತಾರೆ. ನನಗೆ ಹಿಡಿಸಿದ್ದು ತೆರೆ. ಸಮುದ್ರದ ಅಲೆಗೂ ತೆರೆ, ಅಡ್ಡ ಹಿಡಿಯುವ ಬಟ್ಟೆಗೂ ತೆರೆ. ಬಾಗಿಲು ತೆರೆಯುವ 'ತೆರೆ' ಇದೇ ಇರಬೇಕು ಅಂತ ಖುಷಿಪಟ್ಟಿದ್ದೆ, ಆದರೆ ಅಲ್ಲ. ಹಳಗನ್ನಡದಲ್ಲಿ ಅದಕ್ಕೆ ಬೇರೆ ಱಕಾರ. ಅಕ್ಷರ ಬಿದ್ದುಹೋದ ಮೇಲೆ ಮುಚ್ಚೋದಕ್ಕೂ ತೆಗೆಯೋದಕ್ಕೂ ಒಂದೇ ಕಾಗುಣಿತ ಉಳೀತು.

ಇದೆಲ್ಲ ಇರಲಿ, ಕಿಟಕಿಗೆ ಪರದೆ ಯಾವಾಗ ಬಂತು? ನಮ್ಮ ಕಡೆಯ ಮಟ್ಟಿಗೆ ಹೇಳಬೇಕಂದ್ರೆ, ಬಹಳ ಇತ್ತೀಚೆಗೆ.

ಕಲಬುರಗಿ ಕೋಟೆಯೊಳಗಿನ ಜಾಮಿ ಮಸೀದಿಗೆ ಹೋಗಿ ನಿಂತರೆ ಇದು ಗೊತ್ತಾಗುತ್ತೆ. 1367ರ ಕಟ್ಟಡ. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತೆ, ಇದಕ್ಕಿಲ್ಲ. ಇಡೀ ಜಾಗಕ್ಕೆ ಗುಮ್ಮಟಗಳ ಚಾವಣಿ. ಬೆಳಕು ಬರೋದು ಸುತ್ತಲಿನ ಅಗಲವಾದ, ಗಿಡ್ಡ ಕಮಾನುಗಳಿಂದ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಬರುವಷ್ಟರಲ್ಲಿ ಅದು ನೆಲಕ್ಕೆ, ಕಂಬಕ್ಕೆ, ಗೋಡೆಗೆ ತಾಗಿ ಮೆತ್ತಗಾಗಿರುತ್ತೆ. ಬಿಸಿಲನ್ನು ತಡೆಯುವ ಕೆಲಸ ಅಲ್ಲಿ ಗೋಡೆಯ ದಪ್ಪ ಮಾಡುತ್ತೆ, ಬಟ್ಟೆಯಲ್ಲ.

ಕಮಲಾಪುರದ ನಮ್ಮ ಮನೆಯೂ ಅದೇ ಲೆಕ್ಕ, ಬಡವರ ಮಟ್ಟದಲ್ಲಿ. ಹುಮನಾಬಾದ್ ರಸ್ತೆಯಲ್ಲಿ ಹೋದವರಿಗೆ ಕಮಲಾಪುರ ಅಂದ್ರೆ ಕೆಂಪು ಬಾಳೆಹಣ್ಣು. ನನಗೆ ಅದು ಎರಡು ಅಡಿ ದಪ್ಪದ ಕಲ್ಲುಗೋಡೆ, ಶಹಾಬಾದ್ ಫರ್ಸಿ ಹಾಸಿದ ತಣ್ಣನೆಯ ನೆಲ, ಮಾಳಿಗೆಯಲ್ಲೊಂದು ಬೆಳಕಿಂಡಿ. ಕಿಟಕಿಗಳು ಇದ್ದವು, ತಲೆ ಹೊರಗೆ ಹಾಕೋಕೂ ಆಗದಷ್ಟು ಸಣ್ಣವು, ಗಾಜಿಲ್ಲದ ಮರದ ಕದದವು. ಅವಕ್ಕೆ ಪರದೆ ಹಾಕುವ ಯೋಚನೆ ಯಾರಿಗೂ ಬಂದಿರಲಿಲ್ಲ. ಮನೆಯಲ್ಲಿದ್ದದ್ದು ಒಂದೇ ಪಡದಾ, ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಿಗೆ. ಅಂದ್ರೆ ನಮ್ಮ ಕಡೆ ಪರದೆ ಬಿಸಿಲಿಗಾಗಿ ಬಂದದ್ದಲ್ಲ, ಕಣ್ಣಿಗಾಗಿ ಬಂದದ್ದು. ಯಾರು ಯಾರನ್ನು ನೋಡಬಹುದು ಅನ್ನೋದನ್ನು ಗೊತ್ತು ಮಾಡೋಕೆ. ಇಷ್ಟು ಸಿಕ್ಕಾಗ ವಾದದಲ್ಲಿ ಗೆದ್ದೆ ಅಂತಲೇ ಅನ್ನಿಸಿತ್ತು.

ಕಿಟಕಿ ಪರದೆಯ ಕಥೆ ಬೇರೆ, ಅದರಲ್ಲಿ ರೈಲಿದೆ, ಗಿರಣಿಯಿದೆ, ಸಿಮೆಂಟಿದೆ. 1871ರಲ್ಲಿ ಮುಂಬೈ ಕಡೆಯ ಹಳಿ, ಮದ್ರಾಸ್ ಕಡೆಯ ಹಳಿ ರಾಯಚೂರಿನಲ್ಲಿ ಕೂಡಿದವು. ಕಲಬುರಗಿ, ಸೊಲ್ಲಾಪುರ ಎರಡೂ ಆ ಹಾದಿಯಲ್ಲಿದ್ದ ಊರುಗಳು. ಗಿರಣಿ ಬಟ್ಟೆ ಸಲೀಸಾಗಿ ಬರತೊಡಗಿತು. ಆ ಶತಮಾನ ಮುಗಿಯುವ ಮೊದಲೇ ಕಲಬುರಗಿಯಲ್ಲೇ ಗಿರಣಿ ಎದ್ದಿತು, ಆಗಿನ ನಿಜಾಮ ಮೆಹಬೂಬ್ ಅಲಿ ಖಾನರ ಹೆಸರಲ್ಲಿ ಮೆಹಬೂಬ್ ಶಾಹಿ ಮಿಲ್. 1974ರಲ್ಲಿ ಕಾಯಿಲೆ ಬಿದ್ದ ಗಿರಣಿಗಳನ್ನು ಸರ್ಕಾರ ರಾಷ್ಟ್ರೀಕರಣ ಮಾಡಿದಾಗ ಆ ಪಟ್ಟಿಯಲ್ಲಿ ಇದೂ ಇತ್ತು. ಆಮೇಲೆ ಮುಚ್ಚಿತು. ಈಗ ಎಂಎಸ್‌ಕೆ ಮಿಲ್ ಅಂದ್ರೆ ಆಟೋದವರಿಗೆ ಒಂದು ಏರಿಯಾ, ಅಷ್ಟೇ. ಮದುವೆ ಜವಳಿಗೆ ಮಾತ್ರ ನಮ್ಮವರು ಇವತ್ತಿಗೂ ಸೊಲ್ಲಾಪುರದ ರೈಲು ಹತ್ತುತ್ತಾರೆ, ಬರುವಾಗ ಚಾದರದ ಗಂಟಿನಲ್ಲಿ ನಾಲ್ಕು ಮೀಟರ್ ಪರದೆ ಬಟ್ಟೆಯೂ ಬರುತ್ತೆ.

ಬಟ್ಟೆ ಅಗ್ಗವಾಯ್ತು, ಆದರೆ ಅದನ್ನು ನೇತುಹಾಕೋಕೆ ಕಿಟಕಿ ಬೇಕಲ್ಲ. ಅದನ್ನು ಕೊಟ್ಟದ್ದು ಸಿಮೆಂಟು. ಕಲ್ಲುಗೋಡೆಯಲ್ಲಿ ಅಗಲ ಕಿಟಕಿ ಇಡಬೇಕಂದ್ರೆ ಮೇಲಿನ ಭಾರ ಹೊರೋಕೆ ಕಮಾನು ಬೇಕು, ಇಲ್ಲಾ ದೊಡ್ಡ ತೊಲೆ ಬೇಕು. ಕಬ್ಬಿಣ ಹಾಕಿದ ಕಾಂಕ್ರೀಟ್ ಲಿಂಟಲ್ ಬಂದ ಮೇಲೆ ಆ ತೊಂದರೆ ಹೋಯ್ತು. ಗೋಡೆ ಒಂಬತ್ತು ಇಂಚಿಗೆ ಇಳೀತು, ಕಿಟಕಿ ನಾಲ್ಕು ಅಡಿಗೆ ಬೆಳೀತು, ಅದಕ್ಕೆ ಗಾಜು ಬಂತು. ಕ್ವಾರ್ಟರ್ಸ್‌ಗಳಲ್ಲಿ ಬೆಳೆದವರಿಗೆ ನೆನಪಿರಬಹುದು: ಕಿಟಕಿಯ ಅಡ್ಡಕ್ಕೆ ಎರಡು ಮೊಳೆ, ನಡುವೆ ಪ್ಲಾಸ್ಟಿಕ್ ಹೊದ್ದ ಸ್ಪ್ರಿಂಗ್, ಅದಕ್ಕೆ ಕೆಳಗಿನ ಅರ್ಧ ಮಾತ್ರ ಮುಚ್ಚುವ ಹೂವಿನ ಬಟ್ಟೆ. ಮೇಲರ್ಧ ಬಿಸಿಲಿಗೆ ಬಿಟ್ಟದ್ದು. ಅಲ್ಲೂ ಲೆಕ್ಕ ಬೀದಿಯ ಕಣ್ಣಿನದೇ. ಕೆಲವರ ಬಾಗಿಲಿಗೆ ಹಳೇ ಲಗ್ನಪತ್ರಿಕೆ ಸುತ್ತಿ, ಕ್ಲಿಪ್ಪಿಗೆ ಪೋಣಿಸಿ ಮಾಡಿದ ಸರಗಳು. ಒಳಗೆ ಹೋದಾಗೆಲ್ಲ ಯಾರದೋ ಮದುವೆ ತಾರೀಖು ಮುಖಕ್ಕೆ ತಾಗ್ತಿತ್ತು.

ಬಿಸಿಲಿಗಾಗಿ ಇದ್ದದ್ದು ಇನ್ನೊಂದು, ಅದು ಬಟ್ಟೆಯದಲ್ಲ. ಲಾವಂಚದ ಬೇರಿನ ತಟ್ಟಿ. ಐನ್-ಎ-ಅಕ್ಬರಿಯಲ್ಲಿ ಅಬುಲ್ ಫಜಲ್ ಇದನ್ನು ಬರೆದಿಟ್ಟಿದ್ದಾನೆ: ಬಿದಿರಿನ ಚೌಕಟ್ಟಿಗೆ ಲಾವಂಚ ತುಂಬಿ ನೀರು ಹೊಡೆದರೆ ಬೇಸಿಗೆಯಲ್ಲೂ ಚಳಿಗಾಲ ಅಂತ. ಬಿಸಿಗಾಳಿ ಒದ್ದೆ ಬೇರಿನ ಮೂಲಕ ಬರುವಾಗ ನೀರು ಆವಿಯಾಗುತ್ತೆ, ಗಾಳಿ ತಣ್ಣಗಾಗುತ್ತೆ. ಕಲಬುರಗಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್ ಬಂದ ಕೂಡಲೇ ಅಟ್ಟದಿಂದ ಇಳಿಯುವ ಕೂಲರ್ ಅಂದ್ರೆ ಅದೇ ತಟ್ಟಿ, ಹಿಂದೊಂದು ಫ್ಯಾನು, ಕೆಳಗೊಂದು ನೀರಿನ ಪಂಪು. ಬೇರಿನ ಜಾಗಕ್ಕೆ ಮರದ ಹೊಟ್ಟಿನ ಹುಲ್ಲು. ನಾನೂರು ವರ್ಷ ದಾಟಿದರೂ ಅದು ಕೂರೋದು ಕಿಟಕಿಯಲ್ಲೇ.

ನನ್ನ ನಲವತ್ತು ಫೋಟೊಗಳಲ್ಲಿ ಒಂದರಲ್ಲೂ ಕೂಲರ್ ಇರಲಿಲ್ಲ.

ಅಷ್ಟು ಹೊತ್ತಿಗೆ ಫೋಟೊಗಳ ಮೇಲಿನ ಮೋಹ ಇಳಿದಿತ್ತು. ನಮ್ಮ ಊರು ಭೂಮಧ್ಯರೇಖೆಯಿಂದ 17 ಡಿಗ್ರಿ ಉತ್ತರಕ್ಕಿದೆ. ಮೇ ಎರಡನೇ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಆಗ ಕಿಟಕಿಗೆ ತೊಂದರೆ ಇಲ್ಲ. ಮೂರು ಗಂಟೆ ಮೇಲೆ ಅವನು ಪಶ್ಚಿಮಕ್ಕೆ ಬಾಗಿ ನೇರ ಹಾಲ್‌ನೊಳಗೆ ಬರ್ತಾನೆ. ಬಿಸಿಲು ಗಾಜು ದಾಟಿದ ಮೇಲೆ ಅರ್ಧ ಆಟ ಮುಗಿದ ಹಾಗೆ: ಪರದೆ ಕಾಯುತ್ತೆ, ಕಾದ ಪರದೆ ಕೋಣೆಯನ್ನು ಕಾಯಿಸುತ್ತೆ. ಅದಕ್ಕೇ ಹಳಬರು ತಟ್ಟಿ, ಬಿದಿರಿನ ಚಿಕ್ ಎಲ್ಲ ಹೊರಗಡೆ ಕಟ್ಟುತ್ತಿದ್ದರು. ಒಳಗೇ ಹಾಕಬೇಕಂದ್ರೆ ಕಿಟಕಿಯ ಕಡೆ ಮುಖ ಮಾಡುವ ಲೈನಿಂಗ್ ಬಿಳಿ ಇರಬೇಕು, ಬಂದ ಬೆಳಕಿನಲ್ಲಿ ಸ್ವಲ್ಪನಾದರೂ ವಾಪಸ್ ಹೋಗಲಿ ಅಂತ. ಗಾಢ ಕೆಂಪು, ನೀಲಿ ಆ ದಿಕ್ಕಿಗೆ ಬೇಡ, ಬೇಗ ಬಣ್ಣ ಬಿಡುತ್ತೆ. ಧೂಳಿನ ಊರು, ಮನೆಯಲ್ಲೇ ಒಗೆಯುವಂಥ ಹತ್ತಿಯೇ ವಾಸಿ.

ಮೂರನೇ ದಿನ ಅವ್ವ ತಾನಾಗೇ ಮಾತಾಡಿದಳು. ನಾನು ಓದಿದ್ದೆಲ್ಲ ಹೇಳಿದೆ, ಪಡದಾ ಬಂದದ್ದೇ ಹೆಂಗಸರನ್ನು ಒಳಗಿಡೋಕೆ ಅಂತ ಸ್ವಲ್ಪ ಒತ್ತಿಯೇ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಾ ಕೇಳಿದಳು. ಆಮೇಲೆ ಒಂದು ವಿಷಯ ಹೇಳಿದಳು, ಮೂವತ್ತೆರಡು ವರ್ಷದಲ್ಲಿ ನನಗೆ ಒಮ್ಮೆಯೂ ಹೇಳಿರದ್ದು.

ಅವಳ ತವರೂ ಕಮಲಾಪುರವೇ, ಎರಡು ಓಣಿ ಆಚೆ. 1984. ಅವ್ವನ ಎಸ್ಸೆಸ್ಸೆಲ್ಸಿ ಮುಗಿದಿತ್ತು. ಸಾಲಿ ಮಾಸ್ತರರು ಮನೆಗೆ ಬಂದು, ಹುಡುಗಿ ಶ್ಯಾಣ್ಯಾ ಇದ್ದಾಳೆ, ಗುಲ್ಬರ್ಗಕ್ಕೆ ಪಿಯುಸಿಗೆ ಕಳಿಸ್ರಿ ಅಂತ ಮುತ್ಯಾನಿಗೆ ಹೇಳ್ತಿದ್ದರು. ಪಡಸಾಲೆಯಲ್ಲಿ ಗಂಡಸರು, ಪಡದಾದ ಈಚೆ ಅವ್ವ, ಅವಳವ್ವ, ಅಂದ್ರೆ ನನ್ನ ಆಯಿ. ಆ ಮನೆಯಲ್ಲಿ ಒಂದು ರೂಢಿ ಇತ್ತು. ಆಯಿಗೆ ಏನಾದರೂ ಹೇಳೋದಿದ್ದರೆ ಕೈ ಬಳಿ ಸಪ್ಪಳ ಮಾಡ್ತಿದ್ದಳು. ಮುತ್ಯಾ ಎದ್ದು ಪಡದಾದ ಹತ್ತಿರ ಬಂದು ಕೇಳಿಕೊಂಡು ಹೋಗಿ, ಅದನ್ನೇ ತನ್ನ ಮಾತು ಅನ್ನೋ ಹಾಗೆ ಹೇಳ್ತಿದ್ದ. ಹೊಲ ಕೊಂಡದ್ದು, ಚಿಕ್ಕಪ್ಪನ ಮದುವೆ ಮುಂದೂಡಿದ್ದು, ಎಲ್ಲ ಹಾಗೇ ಆಗಿದ್ದಂತೆ. ಅವತ್ತು ಆಯಿ ಮೂರು ಸಲ ಬಳಿ ಸಪ್ಪಳ ಮಾಡಿದಳು. ಮುತ್ಯಾ ಏಳಲಿಲ್ಲ.

"ಹಸರ್ ಬಟ್ಟಿ, ಗಿಣಿ ಚಿತ್ತಾರ ಇತ್ತು," ಅಂದಳು ಅವ್ವ. "ಎಷ್ಟ್ ಗಿಣಿ ಅಂತ ಎಣಸಕೋತ ನಿಂತಿದ್ನಿ."

"ಮತ್ತ ಅದೇ ಪಡದಾ ಈಗ ಯಾಕ ಬೇಕವ್ವ?"

"ಅದ್ಯಾಕ ಆಗ್ತದ? ಬಾಗ್ಲಾ ತೆಗದ್ರ ಹಾಲಿನವಗ, ಕೊರಿಯರ್‌ದವಗ, ಮ್ಯಾಲಿನ ಮನಿಯವರಿಗಿ, ಎಲ್ಲಾರಿಗಿ ನಾ ಕಾಣ್ತೀನಿ. ಒಂದ್ ಘಳಿಗಿ ನೈಟಿ ಮ್ಯಾಲ ಕುಂತು ಚಹಾ ಕುಡೀಬೇಕಂದ್ರ ಎಲ್ಲಿ ಕುಡೀಲಿ? ಬೇಕಾದಾಗ ಸರಸ್ತೀನಿ, ಬ್ಯಾಡಾದಾಗ ಎಳೀತೀನಿ. ಅವಾಗ ಅದನ್ನ ಮುಟ್ಟಾಕ ನಮಗ ಬಿಡ್ತಿದ್ದಿಲ್ಲ."

ನಾನು ಓದಿದ ಚರಿತ್ರೆಯಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ಕಟ್ಟಡದವರು ಓಪನ್ ಕಿಚನ್ ಅಂತ ಗೋಡೆ ತೆಗೆದಾಗ, ಅಲ್ಲಿ ಇಡೀ ದಿನ ಇರುವವಳು ಯಾರು ಅಂತ ಯೋಚಿಸಿರಲಿಲ್ಲ. ನಾನೂ ಯೋಚಿಸಿರಲಿಲ್ಲ. ನನಗೆ ಬೆಂಗಳೂರಿನಲ್ಲಿ ಚಿಲಕ ಇರುವ ನನ್ನದೇ ಕೋಣೆಯಿದೆ.

ಮರುದಿನ ಇಬ್ಬರೂ ಸೂಪರ್ ಮಾರ್ಕೆಟಿಗೆ ಹೋದೆವು. ರೆಡಿಮೇಡ್ ಪರದೆ ಸಿಗೋದು ಐದು, ಏಳು, ಒಂಬತ್ತು ಅಡಿ ಉದ್ದದಲ್ಲಿ. ನಮ್ಮ ಕಿಟಕಿ ಯಾವುದಕ್ಕೂ ಒಪ್ಪದ ಅಳತೆ. ಬಟ್ಟೆ ತಗೊಂಡು ಹೊಲಿಸಿದೆವು, ಕಿಟಕಿಯ ಅಗಲದ ಎರಡರಷ್ಟು, ಇಲ್ಲಾಂದ್ರೆ ಎಳೆದಾಗ ನೆರಿಗೆ ನಿಲ್ಲದೆ ಬೆಡ್‌ಶೀಟ್ ಕಟ್ಟಿದ ಹಾಗೆ ಕಾಣುತ್ತೆ. ಗೋಧಿ ಬಣ್ಣದ ಹತ್ತಿ, ಹಿಂದೆ ಬಿಳಿ ಲೈನಿಂಗ್. ಎರಡು ತುಂಡಲ್ಲ, ಮೂರು. ಎಡಗಡೆಯದು ಮಾತ್ರ ಬೇಸಿಗೆಯಲ್ಲಿ ಬಿಚ್ಚಿಡುವಂಥದ್ದು, ಅಲ್ಲಿ ಕೂಲರ್ ಕೂರುತ್ತೆ. ಬಾಲ್ಕನಿಗೆ ಹೊರಗಿನಿಂದ ಬಿದಿರಿನ ಚಿಕ್.

ಅಡುಗೆಮನೆಗೆ ನನ್ನ ತಲೆಯಲ್ಲಿ ಒಂದು ಐಡಿಯಾ ಇತ್ತು. ಆಯಿಯ ಒಂದು ಇಳಕಲ್ ಸೀರೆ ಪೆಟ್ಟಿಗೆಯಲ್ಲಿದೆ, ಒಡಲು ಹತ್ತಿ, ಕೆಂಪು ರೇಷ್ಮೆ ಸೆರಗು, ಎರಡನ್ನೂ ಕೊಂಡಿ ಹಾಕಿ ಜೋಡಿಸಿದ್ದು. ಅದನ್ನೇ ಪಡದಾ ಮಾಡಿಸಿದರೆ ಎಷ್ಟು ಚೆಂದ ಅಂದೆ. ಅಂಗಡಿಯವರು, ರೇಷ್ಮೆ ಬೆಳಕಿಗೆ ಸೀಳುತ್ತೆ, ಎಣ್ಣೆ ಹೊಗೆಗೆ ಹಾಳಾಗುತ್ತೆ ಅಂತ ಬೇರೆ ಕಾರಣ ಕೊಟ್ಟರು. ಅವ್ವ ಕಾರಣ ಕೊಡಲಿಲ್ಲ.

"ಆಯಿ ಸೀರಿ ಪಡದಾ ಮಾಡಬ್ಯಾಡ," ಅಂದಳು.

ಕೊನೆಗೆ ಅವಳೇ ಆರಿಸಿದ್ದು ಹಳದಿ ಚೌಕಳಿಯ ದಪ್ಪ ಕೈಮಗ್ಗದ ಬಟ್ಟೆ. ಹಾಲ್‌ನ ಯಾವ ಬಣ್ಣಕ್ಕೂ ಮ್ಯಾಚ್ ಆಗಲ್ಲ. ರಾಡಿಗೆ ಉಂಗುರ ಹಾಕಿಸಿದ್ದೇವೆ, ಒಂದೇ ಕೈಯಲ್ಲಿ ಸರಿಯುತ್ತೆ. ಬೆಳಗ್ಗೆ ನಾನು ಆಫೀಸಿನ ಕಾಲ್‌ನಲ್ಲಿ ಕ್ಯಾಮೆರಾ ಆನ್ ಮಾಡಿ ಕೂತಾಗ ಹಿಂದಿನಿಂದ ಉಂಗುರಗಳ ಸಪ್ಪಳ ಕೇಳುತ್ತೆ, ಅವ್ವ ಚಹಾಕ್ಕೆ ಕೂತಳು ಅಂತ ಗೊತ್ತಾಗುತ್ತೆ.