ಕೋಂಗ್ಸ್‌ಬರ್ಗ್: ಬೆಳ್ಳಿಯ ಎಳೆ ಹಿಡಿದು ಬೆಳೆದ ಊರು

ನಾರ್ವೆಯ ರಾಜಧಾನಿ ಓಸ್ಲೋದಿಂದ ನೈಋತ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿ, ನುಮೆದಾಲ್ಸ್‌ಲೋಗೆನ್ ನದಿಯ ಎರಡೂ ದಡಗಳಲ್ಲಿ ಹಬ್ಬಿರುವ ಊರು ಕೋಂಗ್ಸ್‌ಬರ್ಗ್. ಹೆಸರಿನ ಅರ್ಥ ‘ರಾಜನ ಬೆಟ್ಟ’. 1623ರ ಬೇಸಿಗೆಯಲ್ಲಿ ಇಲ್ಲಿನ ಬೆಟ್ಟದ ಮೇಲೆ ದನ ಮೇಯಿಸುತ್ತಿದ್ದ ಯಾಕೊಬ್ ಗ್ರೋಸ್‌ವೋಲ್ಡ್ ಮತ್ತು ಹೆಲ್ಗಾ ವರ್ಪ್ ಎಂಬ ಮಕ್ಕಳ ಕಣ್ಣಿಗೆ ಬೆಳ್ಳಿ ಬಿತ್ತು. ಎತ್ತೊಂದು ಕೊಂಬಿನಿಂದ ಬಂಡೆ ಉಜ್ಜಿದಾಗ ಪಾಚಿ ಕಿತ್ತುಹೋಗಿ ಹೊಳಪು ಕಂಡಿತು, ಮನೆಯವರು ಅದನ್ನು ಕರಗಿಸಿ ಅಗ್ಗಕ್ಕೆ ಮಾರಲು ಹೋಗಿ ಅಧಿಕಾರಿಗಳ ಕೈಗೆ ಸಿಕ್ಕಿಬಿದ್ದರು ಎಂದು ಊರವರು ಹೇಳುತ್ತ ಬಂದಿದ್ದಾರೆ. ಮರುವರ್ಷವೇ ಡೆನ್ಮಾರ್ಕ್-ನಾರ್ವೆಯ ದೊರೆ ನಾಲ್ಕನೆಯ ಕ್ರಿಶ್ಚಿಯನ್ ಖುದ್ದಾಗಿ ಬಂದು ನೋಡಿ, ಊರು ಕಟ್ಟಲು ಅಪ್ಪಣೆ ಕೊಟ್ಟ.

ಬೆಳ್ಳಿ ಸಾಮಾನ್ಯವಾಗಿ ಸೀಸ, ತಾಮ್ರದ ಅದಿರುಗಳೊಳಗೆ ಬೆರೆತಿರುತ್ತದೆ. ಬೇರ್ಪಡಿಸಿದ ಮೇಲಷ್ಟೇ ಕಣ್ಣಿಗೆ ಕಾಣುತ್ತದೆ. ಕೋಂಗ್ಸ್‌ಬರ್ಗ್‌ನಲ್ಲಿ ಹಾಗಲ್ಲ. ಇಲ್ಲಿ ಅದು ಬಹುಪಾಲು ಅಪ್ಪಟ ಲೋಹವಾಗಿಯೇ ಸಿಕ್ಕಿತು. ಬಿಳಿಯ ಕ್ಯಾಲ್ಸೈಟ್ ಕಲ್ಲಿನೊಳಗಿಂದ ಬೆಳ್ಳಿಯ ತಂತಿಗಳು ಹೊರಟು, ಟಗರಿನ ಕೊಂಬಿನಂತೆ ಸುರುಳಿ ಸುತ್ತಿಕೊಂಡಿರುತ್ತವೆ. ಕೆಲವು ಕೂದಲಿನಷ್ಟು ತೆಳು, ಕೆಲವು ಬೆರಳಿಗಿಂತ ದಪ್ಪ. ತಂತಿಯ ಬುಡದಲ್ಲಿ ಅನೇಕ ಸಲ ಕಪ್ಪನೆಯ ಬೆಳ್ಳಿ ಸಲ್ಫೈಡ್ ಅಂಟಿಕೊಂಡಿರುತ್ತದೆ. ಗಂಧಕ ಬಿಟ್ಟುಹೋದಂತೆ ಲೋಹ ಆ ಬುಡದಿಂದ ಹೊರಕ್ಕೆ ಬೆಳೆಯುತ್ತದೆ. ಜಗತ್ತಿನ ಖನಿಜ ಸಂಗ್ರಹಾಲಯಗಳಲ್ಲಿ ಈ ತಂತಿಬೆಳ್ಳಿಗೆ ಸರಿಸಾಟಿಯಾದುದು ವಿರಳ.

ಬೆಟ್ಟದ ಮೂಲಶಿಲೆ ನೂರು ಕೋಟಿ ವರ್ಷಕ್ಕೂ ಹಳೆಯದಾದ ನೈಸ್. ಅದರೊಳಗೆ ಉತ್ತರ-ದಕ್ಷಿಣವಾಗಿ ಪೈರೈಟ್, ಪಿರೋಟೈಟ್‌ನಂಥ ಸಲ್ಫೈಡ್ ಖನಿಜಗಳ ಕಣಗಳನ್ನು ತುಂಬಿಕೊಂಡ ಪಟ್ಟೆಗಳು ಹಾದುಹೋಗುತ್ತವೆ. ಮಳೆಗಾಳಿಗೆ ಸಿಕ್ಕ ಕಡೆ ಅವು ತುಕ್ಕಿನ ಬಣ್ಣಕ್ಕೆ ತಿರುಗುತ್ತವೆ. ಜರ್ಮನಿಯಿಂದ ಬಂದ ಗಣಿಗಾರರು ಇವನ್ನು ‘ಫಾಲ್‌ಬಾಂಡ್’ ಎಂದು ಕರೆದರು. ಬಹಳ ಕಾಲದ ಮೇಲೆ, ಇಂದಿಗೆ ಸುಮಾರು 27 ಕೋಟಿ ವರ್ಷಗಳ ಹಿಂದೆ, ಪೆರ್ಮಿಯನ್ ಯುಗದಲ್ಲಿ ಓಸ್ಲೋ ಪ್ರದೇಶದ ನೆಲ ಸೀಳಿ ಶಿಲಾರಸ ಮೇಲೇರಿತು. ಆಗ ಪೂರ್ವ-ಪಶ್ಚಿಮವಾಗಿ ಬಿಟ್ಟ ಬಿರುಕುಗಳಲ್ಲಿ ಬಿಸಿಯಾದ ಲವಣಜಲ ಹರಿದು, ಕ್ಯಾಲ್ಸೈಟ್‌ನ ಸಿರೆಗಳು ಮೂಡಿದವು. ಹೆಚ್ಚಿನ ಸಿರೆಗಳು ಕೆಲವೇ ಸೆಂಟಿಮೀಟರ್ ಅಗಲದವು.

ಸಿರೆಯ ಉದ್ದಕ್ಕೂ ಬೆಳ್ಳಿ ಇರಲಿಲ್ಲ. ಸಿರೆಯು ಫಾಲ್‌ಬಾಂಡನ್ನು ಅಡ್ಡಹಾಯುವ ಜಾಗದಲ್ಲಷ್ಟೇ ಅದು ಕೂಡಿಕೊಂಡಿತ್ತು. ಪಟ್ಟೆ ದಾಟಿದರೆ ಬರಿಯ ಕ್ಯಾಲ್ಸೈಟ್. ಪಟ್ಟೆಯಲ್ಲಿದ್ದ ಸಲ್ಫೈಡ್‌ಗಳು ದ್ರಾವಣದ ರಾಸಾಯನಿಕ ಗುಣವನ್ನು ಬದಲಿಸಿ ಬೆಳ್ಳಿ ಅಲ್ಲೇ ಇಳಿಯುವಂತೆ ಮಾಡಿದವು ಎಂಬುದು ಬಹುಕಾಲದಿಂದ ನಡೆದುಬಂದ ವಿವರಣೆ. ಕಾರಣ ತಿಳಿಯುವ ಮೊದಲೇ ಗಣಿಗಾರರಿಗೆ ಈ ನಿಯಮ ಗೊತ್ತಿತ್ತು. ಅವರ ಶೋಧವೆಲ್ಲ ಅದರ ಮೇಲೆಯೇ ನಿಂತಿತ್ತು: ಮೊದಲು ತುಕ್ಕುಬಣ್ಣದ ಪಟ್ಟೆಯನ್ನು ಗುರುತಿಸುವುದು, ಅದರ ಗುಂಟ ನಡೆದು ಬಿಳಿಯ ಸಿರೆ ಅಡ್ಡ ಬಂದ ಕಡೆ ಅಗೆಯುವುದು. ‘ಓವರ್‌ಬೆರ್ಗೆಟ್’, ‘ಉಂಡರ್‌ಬೆರ್ಗೆಟ್’ ಎಂಬ ಎರಡು ಮುಖ್ಯ ಪಟ್ಟೆಗಳ ಗುಂಟ ಗಣಿಬಾವಿಗಳು ಸಾಲುಗಟ್ಟಿದ್ದು ಹೀಗೆ. ಉಪಕರಣಗಳಿಲ್ಲದ ಕಾಲದಲ್ಲಿ ಬರಿಗಣ್ಣಿನ ಗಮನ ಇಷ್ಟು ದೂರ ಕರೆದೊಯ್ದದ್ದು ಭೂವಿಜ್ಞಾನದ ಚರಿತ್ರೆಯಲ್ಲಿ ನೆನೆಯಬೇಕಾದ ಸಂಗತಿ.

ಗಟ್ಟಿ ನೈಸನ್ನು ಒಡೆಯಲು ಬಂಡೆಗೆ ಒತ್ತಿ ಸೌದೆಯ ರಾಶಿ ಉರಿಸಿ, ಕಾದು ಸಡಿಲಾದ ಕಲ್ಲನ್ನು ಕೆಡವುತ್ತಿದ್ದರು. ಗಣಿಯೊಳಗಿನ ನೀರೆತ್ತಲು ಬೆಟ್ಟದ ಮೇಲೆ ಕೆರೆ ಕಟ್ಟಿ, ಕಾಲುವೆ ತೋಡಿ, ಜಲಚಕ್ರ ತಿರುಗಿಸಿದರು. ಇಲ್ಲಿನ ಗಣಿಗಳಲ್ಲಿ ‘ರಾಜನ ಗಣಿ’ ಎಂಬುದು ಕೊನೆಗೆ ಸಾವಿರ ಮೀಟರಿಗೂ ಆಳಕ್ಕೆ ಇಳಿಯಿತು.

ಗಣಿಯ ಜೊತೆಗೆ ಊರೂ ಬೆಳೆಯಿತು. 1686ರಲ್ಲಿ ಟಂಕಸಾಲೆ ಇಲ್ಲಿಗೆ ಬಂತು. ಅದರ ನಾಣ್ಯಗಳ ಮೇಲಿನ ಗುರುತು ಅಡ್ಡಲಾಗಿಟ್ಟ ಎರಡು ಸುತ್ತಿಗೆಗಳು. 1757ರಲ್ಲಿ ಗಣಿವಿದ್ಯೆಯ ಶಾಲೆ ತೆರೆಯಿತು. 1761ರಲ್ಲಿ ಪೂರ್ಣಗೊಂಡ ದೊಡ್ಡ ಚರ್ಚಿನಲ್ಲಿ ಗಣಿಯಲ್ಲಿ ಅವರವರಿಗಿದ್ದ ದರ್ಜೆಗೆ ತಕ್ಕಂತೆ ಆಸನಗಳಿದ್ದವು. 1770ರ ಸುಮಾರಿಗೆ ಗಣಿಗಳಲ್ಲಿ 4,000 ಮಂದಿ ದುಡಿಯುತ್ತಿದ್ದರು. ನಾರ್ವೆಯಲ್ಲಿ ಬೆರ್ಗೆನ್ ಬಿಟ್ಟರೆ ಇದೇ ದೊಡ್ಡ ಊರು.

ಏರಿದ ಗಣಿ ಇಳಿಯಲೂ ಬೇಕಾಯಿತು. ನಷ್ಟ ತಾಳಲಾರದೆ 1805ರಲ್ಲಿ ಗಣಿ ಮುಚ್ಚಿದಾಗ ಅನ್ನಕ್ಕೆ ಬೇರೆ ದಾರಿಯಿಲ್ಲದ ಮನೆಗಳು ಕಷ್ಟಕ್ಕೆ ಬಿದ್ದವು. 1814ರಲ್ಲಿ ಆಯುಧ ಕಾರ್ಖಾನೆ ಶುರುವಾಯಿತು. 1816ರಲ್ಲಿ ಗಣಿಯೂ ಮತ್ತೆ ತೆರೆಯಿತು. 1830ರ ದಶಕದಲ್ಲಿ ರಾಜನ ಗಣಿಯಲ್ಲಿ ಸಿಕ್ಕ ಸಿರಿವಂತ ಅದಿರು ಇನ್ನೂ ನೂರು ವರ್ಷಕ್ಕೆ ಜೀವ ಕೊಟ್ಟಿತು. ಕೊನೆಗೆ ಬೆಳ್ಳಿಯ ಬೆಲೆ ಸಾಲದೆ 1958ರಲ್ಲಿ ಕೆಲಸ ನಿಂತಿತು. ಅಷ್ಟರಲ್ಲಿ ಸುಮಾರು 1,350 ಟನ್ ಬೆಳ್ಳಿ ಹೊರಬಂದಿತ್ತು.

ಹಳೆಯ ಕುಲುಮೆಮನೆ ಈಗ ನಾರ್ವೆಯ ಗಣಿ ವಸ್ತುಸಂಗ್ರಹಾಲಯ. ತಂತಿಬೆಳ್ಳಿಯ ಮಾದರಿಗಳು ಅಲ್ಲಿವೆ. ಸಾಗ್‌ಗ್ರೆಂಡಾ ಎಂಬಲ್ಲಿಂದ ಹೊರಡುವ ಪುಟ್ಟ ರೈಲು ನೋಡಬಂದವರನ್ನು 2.3 ಕಿಲೋಮೀಟರ್ ಒಳಕ್ಕೆ, ನೆಲದಿಂದ 342 ಮೀಟರ್ ಆಳದ ರಾಜನ ಗಣಿಗೆ ಒಯ್ಯುತ್ತದೆ. ‘ಫಾಲ್‌ಬಾಂಡ್’ ಎಂಬ ಆ ಗಣಿಗಾರರ ಮಾತು ಇಂದಿಗೂ ಎಲ್ಲ ದೇಶಗಳ ಭೂವಿಜ್ಞಾನಿಗಳ ಬಳಕೆಯಲ್ಲಿದೆ.